ಮೋಟಾರ್‌ಹೋಮ್ ಛಾವಣಿಯ ಎಸಿ ಕಿತ್ತು ಸ್ಪ್ಲಿಟ್ ಎಸಿ ಹಾಕಿಸಿದವರು ಯಾರಾದರೂ ಇದ್ದೀರಾ?

ಗಾಲಿಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು 30 ಅಡಿ ಉದ್ದದ ಹಳೆಯ ಮೋಟಾರ್‌ಹೋಮ್, ಅಂದರೆ ಅಡುಗೆ, ಮಲಗುವುದು ಎಲ್ಲ ಒಳಗೇ ಆಗುವ ಗಾಡಿ. ಛಾವಣಿ ಮೇಲೆ ಎರಡು ಎಸಿ ಇವೆ, ಒಂದೊಂದು 15,000 ಬಿಟಿಯು (ಎಸಿ ಎಷ್ಟು ತಂಪು ಮಾಡುತ್ತದೆ ಅನ್ನುವ ಅಳತೆ). ಮುಂದಿನದು ಹೋದ ತಿಂಗಳು ಕೈಕೊಟ್ಟಿತು. ಫ್ಯಾನ್ ತಿರುಗುತ್ತದೆ, ಕಂಪ್ರೆಸರ್ ಹೂಂ ಅಂತ ಗುರುಗುಟ್ಟಿ ಸುಮ್ಮನಾಗುತ್ತದೆ. ಹಿಂದಿನದು ಇನ್ನೂ ಓಡುತ್ತಿದೆ. ಆದರೆ ಅದರ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ನಾವು ಮಲಗುವುದು ಅದರ ಕೆಳಗೇ. ಸೆಕೆ ತಡೆಯೋಣವೋ ಸದ್ದು ತಡೆಯೋಣವೋ ಅಂತ ದಿನಾ ರಾತ್ರಿ ಮನೆಯಲ್ಲಿ ಜಗಳ.

ಎರಡನ್ನೂ ಇಳಿಸಿ, ಮನೆಗೆ ಹಾಕುವಂಥ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸೋಣ ಅಂತಿದ್ದೇನೆ. ಚಳಿಗಾಲದಲ್ಲಿ ಬಿಸಿಗಾಳಿಯನ್ನೂ ಕೊಡುವ ಹೀಟ್ ಪಂಪ್ ಮಾದರಿ. ಔಟ್‌ಡೋರ್ ಯೂನಿಟ್ ಎಲ್ಲಿ ಕೂರಿಸುವುದು? ರಸ್ತೆಯ ಕುಲುಕಾಟಕ್ಕೆ ಪೈಪು, ಗ್ಯಾಸು ಎಲ್ಲ ತಡೆಯುತ್ತವಾ? 15,000ದ ಎರಡರ ಬದಲು 9,000ದ ಎರಡು ಸಾಕಾ? ಸ್ನೇಹಿತರೊಬ್ಬರು "ಮನೆ ಸಾಮಾನು ಮನೆಯಲ್ಲೇ ಇರಲಿ" ಅಂದುಬಿಟ್ಟರು. ಆವತ್ತಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ.

ಹಳೇಬಸ್ಸು
ಹಾಕಿಸಿ. ನಾನು ಹಾಕಿಸಿ ಮೂರು ವರ್ಷ ಆಯ್ತು. ರಾತ್ರಿ ಓಡುತ್ತಿದೆಯೋ ಇಲ್ಲವೋ ಅಂತ ಕೈ ಚಾಚಿ ಗಾಳಿ ಮುಟ್ಟಿ ನೋಡಬೇಕು, ಅಷ್ಟು ಮೌನ.

ನಟ್ಟುಬೋಲ್ಟು
ಒಂದು ನಿಮಿಷ ಸರ್. ಹೂಂ ಅಂದು ಸ್ಟಾರ್ಟ್ ಆಗದಿದ್ದರೆ ಮೊದಲು ಕೆಪಾಸಿಟರ್ ನೋಡಿದ್ರಾ? ಹತ್ತರಲ್ಲಿ ಎಷ್ಟೋ ಸಲ ಹೋಗಿರುವುದು ಅದೊಂದೇ. ಸಣ್ಣ ಡಬ್ಬಿಯಂಥ ಭಾಗ, ಅರ್ಧ ಗಂಟೆ ಕೆಲಸ. ಅದಕ್ಕೋಸ್ಕರ ಛಾವಣಿಯನ್ನೇ ಕೀಳಬೇಡಿ.

ಗಾಲಿಮನೆ
ನೋಡಿಸಿದೆ ಸರ್. ಹೊಸದು ಹಾಕಿದರೂ ಅದೇ ಕಥೆ. ಕಂಪ್ರೆಸರ್ ಜಾಮ್ ಆಗಿದೆ ಅಂದರು.

ಬಿಸಿಲುಕೊಯ್ಲು
ಸದ್ದಿನ ವಿಷಯ ಬಿಡಿ, ನನಗೆ ಮುಖ್ಯ ಅನ್ನಿಸಿದ್ದು ಕರೆಂಟು. ಛಾವಣಿಯ 15,000 ಬಿಟಿಯು ಎಸಿ ಓಡುವಾಗ ಹತ್ತಿರ ಹತ್ತಿರ 1,500 ವ್ಯಾಟ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು. ಇಲ್ಲಾ ಪೂರ್ತಿ ಓಟ, ಇಲ್ಲಾ ಪೂರ್ತಿ ನಿಲುಗಡೆ. ಇನ್ವರ್ಟರ್ ಸ್ಪ್ಲಿಟ್‌ನ ಕಂಪ್ರೆಸರ್ ಹಾಗಲ್ಲ. ನಿಧಾನಕ್ಕೆ ಶುರುವಾಗಿ, ಬೇಕಾದಷ್ಟೇ ವೇಗದಲ್ಲಿ ತಿರುಗುತ್ತದೆ. ಒಳಗೆ ಒಮ್ಮೆ ತಣ್ಣಗಾದ ಮೇಲೆ ನನ್ನ 12,000ದ ಯೂನಿಟ್ ರಾತ್ರಿಯಿಡೀ 300–400 ವ್ಯಾಟ್‌ನಲ್ಲಿ ಕಾಲ ಹಾಕುತ್ತದೆ.

ನನ್ನ ಹತ್ತಿರ 12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 400 ಆಂಪಿಯರ್ ಅವರ್ ಇದೆ. ಗುಣಿಸಿದರೆ 5,120 ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿಯಲ್ಲಿ ಒಂದಿಷ್ಟು ಉಳಿಸುವುದು ಎಲ್ಲ ಕಳೆದರೂ ಹತ್ತು ಗಂಟೆ ನಿದ್ದೆಗೆ ಮೋಸವಿಲ್ಲ. ಹಳೆಯ ಎಸಿಯಾಗಿದ್ದರೆ ಮೂರು ಗಂಟೆಗೆ ಮಂಗಳಾರತಿ. ಇನ್ನೊಂದು ಲಾಭ ಹೇಳುವುದು ಮರೆತೆ. ಛಾವಣಿ ಖಾಲಿಯಾಗುತ್ತದೆ, ಸೋಲಾರ್ ಪ್ಯಾನೆಲ್ ಮೇಲೆ ಎಸಿಯ ನೆರಳು ಬೀಳುವುದಿಲ್ಲ.

ಹೊಸಗಾಲಿ
ದಡ್ಡ ಪ್ರಶ್ನೆ ಇರಬಹುದು, ಬೈಬೇಡಿ. ಎಸಿಯೇ ಇನ್ವರ್ಟರ್ ಎಸಿ ಅಂದಮೇಲೆ ಬ್ಯಾಟರಿಗೆ ಮತ್ತೆ ಬೇರೆ ಇನ್ವರ್ಟರ್ ಯಾಕೆ?

ಬಿಸಿಲುಕೊಯ್ಲು
ಹೆಸರು ಒಂದೇ, ಕೆಲಸ ಬೇರೆ ಬೇರೆ. ಎಸಿಯೊಳಗಿನ ಇನ್ವರ್ಟರ್ ಕಂಪ್ರೆಸರ್ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಬೋರ್ಡು. ಗಾಡಿಯ ಇನ್ವರ್ಟರ್ ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಕರೆಂಟಾಗಿ ಮಾಡುವ ಪೆಟ್ಟಿಗೆ. (ಇಲ್ಲಿ ಎಸಿ ಅಂದ್ರೆ ತಂಪು ಮಾಡುವ ಎಸಿ ಅಲ್ಲ ಮತ್ತೆ!) ಎರಡೂ ಬೇಕು. ಪೆಟ್ಟಿಗೆ ಪ್ಯೂರ್ ಸೈನ್ ವೇವ್ ಆಗಿರಲಿ, ಅಂದರೆ ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು. ಅಗ್ಗದ ಮಾಡಿಫೈಡ್ ಸೈನ್ ವೇವ್‌ನಲ್ಲಿ ಇಂಥ ಬೋರ್ಡು ಓಡಿಸಿದರೆ ಕೆಡಿಸಿಕೊಳ್ಳುತ್ತೀರಿ.

ನಿದ್ದೆಗೇಡಿ
"ಎಸಿಯೊಳಗಿನ ಇನ್ವರ್ಟರ್‌ಗೆ ಎಸಿ ಕೊಡಲು ಡಿಸಿ ಇನ್ವರ್ಟರ್". ಈಗ ನನಗೂ ತಲೆ ತಿರುಗಿತು.

ಗ್ಯಾಸ್ ಮೇಷ್ಟ್ರು
ನಾನು ಎಸಿ ಕೆಲಸದವನು, ಇಪ್ಪತ್ತು ವರ್ಷದಿಂದ ಇದೇ ಕಸುಬು. ಎಲ್ಲರೂ ವ್ಯಾಟು, ಬ್ಯಾಟರಿ ಅಂತಿದ್ದೀರಿ. ಸ್ಪ್ಲಿಟ್ ಎಸಿ ತಂಪು ಮಾಡುತ್ತದಾ ಅನ್ನುವುದು ಪ್ರಶ್ನೆಯೇ ಅಲ್ಲ, ಮಾಡುತ್ತದೆ. ಕುಲುಕುವ ಗಾಡಿಯಲ್ಲಿ ಅದು ಎಷ್ಟು ದಿನ ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಪ್ರಶ್ನೆ.

ಛಾವಣಿಯ ಎಸಿಯಲ್ಲಿ ಗ್ಯಾಸ್ ಓಡುವ ದಾರಿಯೆಲ್ಲ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿದ್ದು. ಸ್ಪ್ಲಿಟ್‌ನಲ್ಲಿ ನಾಲ್ಕು ಕಡೆ ಫ್ಲೇರ್ ನಟ್. ತಾಮ್ರದ ಪೈಪಿನ ಬಾಯಿಯನ್ನು ಕಹಳೆಯ ಹಾಗೆ ಅಗಲಿಸಿ ನಟ್ಟಿನಿಂದ ಬಿಗಿಯುವುದು. ತಾಮ್ರ ಅಲುಗಾಡಿದಷ್ಟೂ ಗಡುಸಾಗುತ್ತದೆ, ಆಮೇಲೆ ಕಹಳೆಯ ಕುತ್ತಿಗೆಯಲ್ಲೇ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ನಾನು ರಿಪೇರಿ ಮಾಡಿದ ಗಾಡಿಗಳಲ್ಲಿ ಸೋರಿದ್ದು ಬಹುಪಾಲು ಅಲ್ಲೇ.

ಹಾಗಾಗಿ: ಫ್ಲೇರ್ 45 ಡಿಗ್ರಿಯದೇ ಇರಬೇಕು, ಹೈಡ್ರಾಲಿಕ್ ಕೆಲಸದ 37 ಡಿಗ್ರಿಯ ಟೂಲ್ ತಂದು ಒತ್ತಬೇಡಿ. ಬಿಗಿಯಲು ಟಾರ್ಕ್ ರೆಂಚ್ ಬಳಸಿ. 1/4 ಇಂಚಿನ ಪೈಪಿಗೆ ಸುಮಾರು 15 ನ್ಯೂಟನ್ ಮೀಟರ್, 3/8ಕ್ಕೆ 35ರಿಂದ 40. "ಕೈಯಳತೆ ಸಾಕು" ಅನ್ನುವವರನ್ನು ಗಾಡಿ ಹತ್ತಿರ ಬಿಡಬೇಡಿ. ಔಟ್‌ಡೋರ್ ಯೂನಿಟ್ ಪಕ್ಕದಲ್ಲಿ ಪೈಪನ್ನು ಒಂದು ಸುತ್ತು ದೊಡ್ಡದಾಗಿ ಸುತ್ತಿ ಬಿಡಿ, ಅಲುಗಾಟ ಆ ಸುತ್ತಿನಲ್ಲಿ ಕರಗಲಿ. ಪೈಪು ಚಿಕ್ಕದಾದರೆ ಒಳ್ಳೆಯದು ಅಂತ ಒಂದೇ ಮೀಟರಿಗೆ ಕತ್ತರಿಸಲೂ ಬೇಡಿ. ಎಷ್ಟೋ ಕಂಪನಿಗಳು ಕನಿಷ್ಠ 3 ಮೀಟರ್ ಅಂತ ಪುಸ್ತಕದಲ್ಲೇ ಬರೆದಿರುತ್ತವೆ.

ಹಳೇಬಸ್ಸು
ಮೇಷ್ಟ್ರೇ, ಯೂನಿಟ್ ಕೆಳಗೆ ದಪ್ಪ ರಬ್ಬರ್ ಬುಶ್ ಹಾಕಿದರೆ ಮುಗಿಯಿತಲ್ಲ? ನಾನು ಅಷ್ಟೇ ಮಾಡಿದ್ದು.

ಗ್ಯಾಸ್ ಮೇಷ್ಟ್ರು
ಅಲ್ಲೇ ಎಡವುವುದು ಸ್ವಾಮಿ. ಮೆತ್ತನೆ ರಬ್ಬರ್ ಹಾಕಿದರೆ ಗುಂಡಿ ಬಂದಾಗ ಯೂನಿಟ್ ಕುಣಿಯುತ್ತದೆ. ಪೈಪನ್ನು ಮಾತ್ರ ಗಾಡಿಯ ಗೋಡೆಗೆ ಕ್ಲ್ಯಾಂಪ್ ಮಾಡಿರುತ್ತೀರಿ. ಒಂದು ಕುಣಿಯುತ್ತದೆ, ಇನ್ನೊಂದು ನಿಂತಿರುತ್ತದೆ, ನಡುವೆ ಸಾಯುವುದು ಫ್ಲೇರ್. ಪೈಪು ಮತ್ತು ಯೂನಿಟ್ ಒಟ್ಟಿಗೇ ಅಲ್ಲಾಡಬೇಕು. ನಾನಾದರೆ ಗಟ್ಟಿ ಫ್ರೇಮಿಗೆ ನೇರ ಬೋಲ್ಟ್ ಮಾಡುತ್ತೇನೆ.

ನಟ್ಟುಬೋಲ್ಟು
ನೇರ ಬೋಲ್ಟ್ ಮಾಡಿ ಅನುಭವಿಸಿದ್ದೇನೆ. ಕಂಪ್ರೆಸರ್ ಗುಂಯ್‌ಗುಟ್ಟುವುದೆಲ್ಲ ಚಾಸಿಯಲ್ಲಿ ಹರಿದು ಹಾಸಿಗೆಗೆ ಬರುತ್ತಿತ್ತು. ಸದ್ದು ಬೇಡ ಅಂತ ತಾನೇ ಇಷ್ಟೆಲ್ಲ ಮಾಡುವುದು? ಗಡುಸು ರಬ್ಬರ್ ಹಾಕಿ, ಓಡಿಸುವಾಗ ಯೂನಿಟ್ಟನ್ನು ಫ್ರೇಮಿಗೆ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ, ನಿಂತ ಮೇಲೆ ಸಡಿಲಿಸಿ. ಎರಡೂ ಸಿಗುತ್ತದೆ.

ಗ್ಯಾಸ್ ಮೇಷ್ಟ್ರು
ಬೆಲ್ಟಿನ ಉಪಾಯ ಒಪ್ಪಿದೆ. ಬಿಗಿಯುವುದು ಮರೆಯದಿದ್ದರೆ.

ತೂಕದಕಲ್ಲು
ಎಲ್ಲರೂ ಹಿಂದಿನ ಬಂಪರಿಗೆ ನೇತುಹಾಕುತ್ತಾರೆ. ಒಮ್ಮೆ ಲೆಕ್ಕ ಮಾಡಿ ನೋಡಿ. ಯೂನಿಟ್, ಫ್ರೇಮ್ ಸೇರಿ 40 ಕೆಜಿ ಅಂದುಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 5 ಮೀಟರ್, ಬಂಪರು ಹಿಂದಿನ ಆಕ್ಸಲ್‌ನಿಂದ ಎರಡೂವರೆ ಮೀಟರ್ ಆಚೆ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 40 ಅಲ್ಲ, 60 ಕೆಜಿ. ಜೊತೆಗೆ ಮುಂದಿನ ಆಕ್ಸಲ್ 20 ಕೆಜಿ ಹಗುರಾಗುತ್ತದೆ. ಅಲ್ಲಿ ಎರಡು ಯೂನಿಟ್ ಹಾಕಿದರೆ 120 ಮತ್ತು 40. ಛಾವಣಿಯಿಂದ ಎರಡು ಎಸಿ ಇಳಿಸಿದಿರಿ ಅಂತ ಇದು ಸರಿಹೋಗುವುದಿಲ್ಲ, ಅವು ಇದ್ದದ್ದು ಆಕ್ಸಲ್‌ಗಳ ನಡುವೆ. ಕೆಲಸಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ, ಆಕ್ಸಲ್ ಆಕ್ಸಲ್ ಬೇರೆಯಾಗಿ ತೂಕ ಹಾಕಿಸಿ.

ಬಂಪರ್ ಅಂತ ಕಾಣುವುದು ಎಷ್ಟೋ ಗಾಡಿಗಳಲ್ಲಿ ಬರೀ ತಗಡಿನ ಕೊಳವೆ. ಬೋಲ್ಟ್ ಹಾಕಬೇಕಾದ್ದು ಚಾಸಿಯ ಉಕ್ಕಿಗೆ.

ನಿದ್ದೆಗೇಡಿ
ಹಿಂದಿನ ಏಣಿಗೆ ಕಟ್ಟಿದ್ದನ್ನು ನೋಡಿದ್ದೇನೆ. ಏಣಿಗೆ! ಅವರ ಹಿಂದೆ ಗಾಡಿ ಓಡಿಸಲು ಭಯ ಆಯ್ತು.

ಅಲೆಮಾರಿ ಅಕ್ಕ
ನಾವು ಕೆಳಗಿನ ಸಾಮಾನಿನ ಖಾನೆಯಲ್ಲಿ ಇಟ್ಟೆವು. ತೂಕದ ದೃಷ್ಟಿಯಿಂದ ಒಳ್ಳೆಯ ಜಾಗ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮೊದಲ ಬೇಸಿಗೆಯಲ್ಲೇ ಬುದ್ಧಿ ಬಂತು. ಯೂನಿಟ್ ಮುಂದಿನಿಂದ ಉಗುಳಿದ ಬಿಸಿಗಾಳಿಯನ್ನೇ ಹಿಂದಿನಿಂದ ಮತ್ತೆ ನುಂಗುತ್ತಿತ್ತು. ಖಾನೆ ಒಲೆಯಾಯಿತು, ಮಧ್ಯಾಹ್ನ ಮೂರು ಗಂಟೆಗೆ ಪ್ರೆಶರ್ ಜಾಸ್ತಿ ಅಂತ ಎರರ್ ತೋರಿಸಿ ನಿಂತಿತು. ಗಾಳಿ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಬೇರೆ ಮಾಡಿ ನಡುವೆ ತಗಡಿನ ಗೋಡೆ ಹಾಕಿಸಿದ ಮೇಲೆ ಸರಿಹೋಯಿತು. ಖಾನೆಯ ಬಾಗಿಲನ್ನು ಪೂರ್ತಿ ಜಾಲರಿ ಮಾಡಿಸಿದ್ದೇವೆ.

ಗಾಲಿಮನೆ
ಅಕ್ಕ, ನಿಮ್ಮ ಖಾನೆಯ ಆಳ ಎಷ್ಟು? ನಮ್ಮದು ಸ್ವಲ್ಪ ಚಿಕ್ಕದು ಅನ್ನಿಸುತ್ತಿದೆ. ಮತ್ತೆ ಬಿಟಿಯು ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಅಲೆಮಾರಿ ಅಕ್ಕ
ಖಾನೆ ಗಾಡಿಯ ಅಡ್ಡಕ್ಕೆ ಈ ಕಡೆಯಿಂದ ಆ ಕಡೆಗೆ ತೂತಾಗಿದೆ, ಅದಕ್ಕೇ ಸಾಧ್ಯವಾಯಿತು. ಒಂದು ಕಡೆ ಮಾತ್ರ ಬಾಗಿಲು ಇರುವ ಖಾನೆಯಾದರೆ ಯೋಚನೆ ಬಿಟ್ಟುಬಿಡಿ.

ಬಿಸಿಲುಕೊಯ್ಲು
ಬಿಟಿಯು ಬಗ್ಗೆ: ನೀವು 30,000ದಿಂದ 18,000ಕ್ಕೆ ಇಳಿಯುತ್ತಿದ್ದೀರಿ. ಆದರೆ ಛಾವಣಿಯ ಎಸಿಯ 15,000ದಲ್ಲಿ ಒಂದು ಪಾಲು ಬಿಸಿಲಿಗೆ ಕಾದ ಸೀಲಿಂಗ್ ಡಕ್ಟಿನಲ್ಲೇ ಸೋರಿಹೋಗುತ್ತದೆ. ಹಾಗಾಗಿ ಕಾಗದದ ಲೆಕ್ಕದಷ್ಟು ವ್ಯತ್ಯಾಸ ಕಾಣುವುದಿಲ್ಲ. ಆದರೂ ಮುಂದಿನ ಗಾಜು ಬಿಸಿಲಿಗೆ ಮುಖ ಮಾಡಿ ನಿಂತರೆ 9,000 ಸೋಲುತ್ತದೆ. ಮುಂದೆ 12,000, ಮಲಗುವ ಕೋಣೆಗೆ 9,000 ಹಾಕಿ. ಇನ್ವರ್ಟರ್ ಆದ್ದರಿಂದ 12,000 ದೊಡ್ಡದಾಯಿತು ಅನ್ನುವ ಭಯವಿಲ್ಲ, ಬೇಡದಾಗ ತಾನೇ ನಿಧಾನವಾಗುತ್ತದೆ. ಗಾಜಿಗೆ ಹೊರಗಡೆಯಿಂದ ಪರದೆ ಹಾಕಿ, ಒಳಗಡೆಯಿಂದ ಅಲ್ಲ. ಶಾಖ ಗಾಜು ದಾಟುವ ಮೊದಲೇ ತಡೆಯಬೇಕು.

ಹೊಸಗಾಲಿ
ಒಂದು ಔಟ್‌ಡೋರ್, ಎರಡು ಇಂಡೋರ್ ಇರುವ ಮಾದರಿ ಇದೆಯಲ್ಲ? ಜಾಗ, ತೂಕ ಎರಡೂ ಉಳಿಯುವುದಿಲ್ವಾ?

ಗ್ಯಾಸ್ ಮೇಷ್ಟ್ರು
ಉಳಿಯುತ್ತದೆ. ಆದರೆ ದೊಡ್ಡ ಕಂಪ್ರೆಸರ್ ಒಂದು ಮಟ್ಟಕ್ಕಿಂತ ಕೆಳಗೆ ನಿಧಾನವಾಗುವುದಿಲ್ಲ. ರಾತ್ರಿ ಮಲಗುವ ಕೋಣೆ ಒಂದಕ್ಕೇ ಓಡಿಸಿದರೆ ಆಗಾಗ ನಿಂತು ಶುರುವಾಗುತ್ತದೆ, ಕರೆಂಟಿನ ಉಳಿತಾಯ ಹೋಯಿತು. ಅಲ್ಲದೆ ಒಂದು ಕೆಟ್ಟರೆ ಎರಡೂ ಕೋಣೆ ಬಿಸಿ. ಬೇರೆ ಬೇರೆ ಎರಡೇ ವಾಸಿ.

ನೀರುಮಟ್ಟ
ಇಂಡೋರ್ ಯೂನಿಟ್ ಗೋಡೆಗೆ ಹಾಕುವ ಮೊದಲು ಗೋಡೆ ಬಡಿದು ನೋಡಿ. ಮೋಟಾರ್‌ಹೋಮ್ ಗೋಡೆ ಅಂದರೆ ಸಾಮಾನ್ಯವಾಗಿ ತೆಳು ಪ್ಲೈವುಡ್, ಹಿಂದೆ ಥರ್ಮಾಕೋಲ್. ಹತ್ತು ಕೆಜಿಯ ಯೂನಿಟ್ಟನ್ನು ಬರೀ ಸ್ಕ್ರೂನಲ್ಲಿ ನೇತುಹಾಕಿದರೆ ಎರಡನೇ ಗುಂಡಿಗೆ ಸೋಫಾ ಮೇಲೆ ಬರುತ್ತದೆ. ಒಳಗಿನ ಫ್ರೇಮಿನಿಂದ ಫ್ರೇಮಿಗೆ ಅಗಲದ ಹಲಗೆ ಕೊಟ್ಟು ಅದಕ್ಕೆ ಬಿಗಿಯಿರಿ.

ಎರಡನೆಯದು ಡ್ರೈನ್ ನೀರು. ಮನೆಯ ಗೋಡೆ ಅಲುಗಾಡುವುದಿಲ್ಲ, ನಿಮ್ಮ ಗೋಡೆ ನಿಂತ ಕಡೆಯೆಲ್ಲ ಒಂದೊಂದು ಕಡೆಗೆ ವಾಲುತ್ತದೆ. ಡ್ರೈನ್ ಪೈಪು ಇರುವ ಮೂಲೆ ಮೇಲಾಗಿ ನಿಂತರೆ ತಟ್ಟೆ ತುಂಬಿ ನೀರು ಒಳಗೇ ಸುರಿಯುತ್ತದೆ. ನನಗೆ ಆಗಿದೆ, ಮಧ್ಯರಾತ್ರಿ, ನೇರ ಮುಖದ ಮೇಲೆ.

ನಿದ್ದೆಗೇಡಿ
ಅದನ್ನು ಎಸಿಯ ಹೆಚ್ಚುವರಿ ಸೌಲಭ್ಯ ಅನ್ನುತ್ತಾರೆ.

ಚಳಿಮನುಷ್ಯ
ಹೀಟ್ ಪಂಪ್ ಬಗ್ಗೆ ಒಬ್ಬರೂ ಮಾತಾಡಿಲ್ಲ. ಛಾವಣಿಯ ಎಸಿಗಳಲ್ಲೂ ಹೀಟ್ ಪಂಪ್ ಇರುವ ಮಾದರಿ ಇವೆ, ಆದರೆ ಹೊರಗೆ 4–5 ಡಿಗ್ರಿಗೆ ಬರುವಷ್ಟರಲ್ಲಿ ಕೈ ಎತ್ತುತ್ತವೆ. ಒಳ್ಳೆಯ ಸ್ಪ್ಲಿಟ್‌ಗಳು ಮೈನಸ್ 15ರಲ್ಲೂ ಬಿಸಿ ಕೊಡುತ್ತವೆ. ಹದವಾದ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ. ಕಾಯಿಲ್ ಹೀಟರ್ ಕೊಡುವುದು ಒಂದಕ್ಕೆ ಒಂದೇ. ನಡುವೆ ಬಿಸಿ ನಿಂತು ಔಟ್‌ಡೋರ್‌ನಿಂದ ಹೊಗೆಯಂಥ ಆವಿ ಬಂದರೆ ಗಾಬರಿ ಬೀಳಬೇಡಿ, ಅದು ಕಾಯಿಲ್ ಮೇಲಿನ ಮಂಜನ್ನು ಕರಗಿಸಿಕೊಳ್ಳುತ್ತಿದೆ ಅಷ್ಟೇ.

ಆದರೆ ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದವನು. ಹಳೆಯ ಗ್ಯಾಸ್ ಫರ್ನೇಸ್‌ನ ಬಿಸಿಗಾಳಿಯ ಒಂದು ಕವಲು ಕೆಳಗಿನ ನೀರಿನ ಟ್ಯಾಂಕಿನ ಖಾನೆಗೂ ಹೋಗುತ್ತಿರುತ್ತದೆ. ಸ್ಪ್ಲಿಟ್ ಒಳಗೆ ಬೆಚ್ಚಗಿಟ್ಟಿತು ಅಂತ ಫರ್ನೇಸ್ ಶುರುವೇ ಆಗಲಿಲ್ಲ. ನಾನು ಮೇಲೆ ಹಾಯಾಗಿ ಮಲಗಿದ್ದೆ, ಕೆಳಗೆ ಪೈಪು ಹೆಪ್ಪುಗಟ್ಟಿ ಒಡೆಯಿತು. ಕೊರೆಯುವ ಚಳಿಯಲ್ಲಿ ಫರ್ನೇಸನ್ನೂ ಆಗಾಗ ಓಡಿಸಿ, ಇಲ್ಲವೇ ಟ್ಯಾಂಕಿಗೆ ಹೀಟರ್ ಪ್ಯಾಡ್ ಹಾಕಿ.

ಗಾಲಿಮನೆ
ಇದು ಹೊಳೆದೇ ಇರಲಿಲ್ಲ! ಧನ್ಯವಾದ ಸರ್. ಇನ್ನೊಂದು ಸಂಶಯ. ಹೊಸ ಎಸಿಗಳಲ್ಲಿ ಬರುವ ಆರ್32 ಗ್ಯಾಸ್ ಬೆಂಕಿ ಹಿಡಿಯುತ್ತದೆ ಅಂತಾರೆ. ಗಾಡಿಯೊಳಗೆ ಒಲೆ ಬೇರೆ ಇದೆ.

ನಟ್ಟುಬೋಲ್ಟು
ಹಿಡಿಯುತ್ತದೆ. ಅದಕ್ಕೇ ನಾನು ಹಳೆಯ ಆರ್410ಎ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಗ್ಯಾಸ್ ಮೇಷ್ಟ್ರು
ಲೆಕ್ಕ ಹಾಕಿ ಹೆದರೋಣ. ಆರ್32 ಹೊತ್ತಬೇಕಾದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 300 ಗ್ರಾಂ ಸೇರಬೇಕು. 12,000ದ ಯೂನಿಟ್‌ನಲ್ಲಿ ಇರುವುದೇ ಹೆಚ್ಚುಕಡಿಮೆ 800 ಗ್ರಾಂ. 30 ಅಡಿ ಗಾಡಿಯೊಳಗೆ 40 ಘನ ಮೀಟರ್ ಜಾಗ ಅಂದರೆ, ಪೂರ್ತಿ ಸೋರಿದರೂ ಘನ ಮೀಟರಿಗೆ 20 ಗ್ರಾಂ. ಎಲ್ಲಿಯ 20, ಎಲ್ಲಿಯ 300. ಆದರೆ ಗಾಳಿಗಿಂತ ಭಾರ, ನೆಲದಲ್ಲಿ ಮಡುಗಟ್ಟುತ್ತದೆ. ಚಿಕ್ಕ ವ್ಯಾನಾದರೆ ನಾನೂ ಎರಡು ಸಲ ಯೋಚಿಸುತ್ತೇನೆ. ಅಡುಗೆ ಗ್ಯಾಸಿನ ಸಿಲಿಂಡರ್ ಜೊತೆ ಓಡಾಡುವವರು ಇದಕ್ಕೆ ಮಾತ್ರ ನಡುಗುವುದು ನನಗೆ ಅರ್ಥವಾಗುವುದಿಲ್ಲ.

ಒಂದು ಮಾತ್ರ ಕಟ್ಟುನಿಟ್ಟು. ಪೈಪು ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು, ಆಮೇಲೆ ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ) ಕೆಳಗೆ ಎಳೆದು, ನಿಲ್ಲುತ್ತದಾ ಅಂತ ಕಾಯಬೇಕು. ಸ್ವಲ್ಪ ಗ್ಯಾಸ್ ಬಿಟ್ಟು ಒಳಗಿನ ಗಾಳಿ ಓಡಿಸುವ ಹಳೆಯ ಚಾಳಿ ಬೇಡವೇ ಬೇಡ. ಗ್ಯಾಸ್ ಮುಟ್ಟಲು ಹಲವು ದೇಶಗಳಲ್ಲಿ ಲೈಸೆನ್ಸ್ ಬೇಕು, ಸುಮ್ನೆ ವಿಡಿಯೋ ನೋಡಿ ಕೈಹಾಕಬೇಡಿ.

ಹಳೇಬಸ್ಸು
ಒಂದು ಸಣ್ಣ ವಿಷಯ. ಗಾಡಿ ಓಡುವಾಗ ಗಾಳಿಗೆ ಔಟ್‌ಡೋರ್ ಫ್ಯಾನ್ ತಾನೇ ಗಿರಗಿರ ತಿರುಗುತ್ತದೆ. ಆಗ ಅದರ ಮೋಟಾರು ಡೈನಮೋ ಆಗಿ ಬೋರ್ಡಿಗೆ ಕರೆಂಟ್ ತಳ್ಳುತ್ತದೆ. ಬೇರಿಂಗ್ ಕೂಡ ಸುಮ್ನೆ ಸವೆಯುತ್ತದೆ. ಗಾಡಿಯ ಬೆನ್ನಿಗೆ ಎಳೆಯುವ ಧೂಳಂತೂ ಕೇಳಲೇಬೇಡಿ. ದಪ್ಪ ಬಟ್ಟೆಯ ಕವರ್ ಹೊಲಿಸಿ ಓಡಿಸುವಾಗ ಹಾಕುತ್ತೇನೆ. ಎಸಿ ರಿಮೋಟ್ ಕವರಿನ ಜೇಬಲ್ಲೇ ಇರುತ್ತದೆ. ಕವರ್ ತೆಗೆಯದೆ ರಿಮೋಟ್ ಸಿಗುವುದಿಲ್ಲ, ಹಾಗಾಗಿ ಮರೆಯುವ ಪ್ರಶ್ನೆ ಇಲ್ಲ.

ನಿದ್ದೆಗೇಡಿ
ಮಳೆ ಬಂದರೆ ರಿಮೋಟ್?

ಹಳೇಬಸ್ಸು
ಪ್ಲಾಸ್ಟಿಕ್ ಚೀಲ ಅಂತ ಒಂದು ಇದೆ ಮಾರಾಯ.

ತೂಕದಕಲ್ಲು
ಗಾಲಿಮನೆಯವರೇ, ಗ್ಯಾರಂಟಿ ಮರೆತುಬಿಡಿ. ಓಡುವ ಗಾಡಿಗೆ ಹಾಕಿದ್ದು ಗೊತ್ತಾದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಗಾಲಿಮನೆ
ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತೂ ಕೇಳಿ ಅರ್ಧ ದಾರಿ ಹಿಡಿದೆ. ಸತ್ತ ಮುಂದಿನ ಎಸಿ ಇಳಿಸಿದೆವು. 14 ಇಂಚಿನ ಆ ತೂತಿಗೆ ಗಾಳಿ ಫ್ಯಾನ್ ಸರಿಯಾಗಿ ಕೂತಿತು. 12,000ದ ಸ್ಪ್ಲಿಟ್ ಒಂದೇ ಹಾಕಿಸಿದೆ, ಔಟ್‌ಡೋರ್ ಹಿಂದುಗಡೆ, ಚಾಸಿಗೆ ಬೆಸೆದ ಫ್ರೇಮಿನಲ್ಲಿ. ಹಿಂದಿನ ಛಾವಣಿ ಎಸಿ ಹಾಗೇ ಬಿಟ್ಟೆ, ಉರಿಬಿಸಿಲಿನ ಮಧ್ಯಾಹ್ನಕ್ಕೆ ಇರಲಿ ಅಂತ. ತೂಕ ಹಾಕಿಸಿದೆ, ಹಿಂದಿನ ಆಕ್ಸಲ್ ಮಿತಿಯೊಳಗಿದೆ. ಹಿಂದಿದ್ದ ಬಿಡಿ ಚಕ್ರವನ್ನು ಮುಂದಿನ ಖಾನೆಗೆ ಸಾಗಿಸಬೇಕಾಯಿತು.

ಇಂಡೋರ್ ಯೂನಿಟ್ ಮಲಗುವ ಕೋಣೆಯ ಬಾಗಿಲ ಮೇಲೆ, ಮುಂದಕ್ಕೆ ಮುಖ ಮಾಡಿದೆ. ರಾತ್ರಿ ಬಾಗಿಲು ತೆರೆದು ಸಣ್ಣ ಟೇಬಲ್ ಫ್ಯಾನ್ ಇಟ್ಟರೆ ಹಾಸಿಗೆಗೂ ತಂಪು ಬರುತ್ತದೆ. ಬಾಗಿಲು ಹಾಕಿದರೆ ಬರುವುದಿಲ್ಲ. ಎರಡನೆಯದು ಹಾಕಿಸುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ.

ಮೊದಲ ದಿನವೇ ಎರರ್ ಬಂದು ನಿಂತಿತು, ಒಳಗಿಂದ ಹೊರಗೆ ಹೋಗುವ ಎರಡು ವೈರ್ ಅದಲು ಬದಲಾಗಿತ್ತು. ಸರಿ ಮಾಡಿದೆವು. ನಿನ್ನೆ ಮತ್ತೆ ಹತ್ತೇ ನಿಮಿಷಕ್ಕೆ ನಿಂತಿತು, ಈ ಸಲ ಪ್ರೆಶರ್ ಜಾಸ್ತಿ ಅಂತ ಎರರ್. ವೈರ್ ಎಲ್ಲ ಸರಿಯಿದೆ. ಮೇಷ್ಟ್ರೇ, ಗ್ಯಾಸ್ ಏನಾದರೂ ಹೋಯಿತಾ?

ಗ್ಯಾಸ್ ಮೇಷ್ಟ್ರು
ಗ್ಯಾಸ್ ಹೋದರೆ ತಂಪು ಕಡಿಮೆಯಾಗುತ್ತದೆ, ಪ್ರೆಶರ್ ಜಾಸ್ತಿ ಆಗುವುದಿಲ್ಲ. ಬಿಸಿಗಾಳಿ ಹೊರಗೆ ಹೋಗಲು ದಾರಿಯಿಲ್ಲದಾಗ ಹೀಗಾಗುತ್ತದೆ. ಔಟ್‌ಡೋರ್ ಮುಂದೆ ಏನಾದರೂ ಅಡ್ಡ ಇದೆಯಾ?

ಗಾಲಿಮನೆ
ಈಗ ಹೋಗಿ ನೋಡಿ ಬಂದೆ. ಕವರ್ ತೆಗೆದಿರಲಿಲ್ಲ.

ಹಳೇಬಸ್ಸು
ರಿಮೋಟ್ ಎಲ್ಲಿಟ್ಟಿದ್ದಿರಿ?

ಗಾಲಿಮನೆ
ಒಂದು ರಿಮೋಟ್ ಕವರಿನ ಜೇಬಲ್ಲೇ ಇತ್ತು ಸರ್. ಮನೆಯವರು ಫೋನಿನಲ್ಲೂ ರಿಮೋಟ್ ಹಾಕಿಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.